ತಲೆಯ ಮೇಲೆ ದಾರಿ ಹೊತ್ತ ಹೆಬ್ಬಾತು

ಭೂಮಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಅಂಥ ಹೊಸ ಕಾಲ. ಬೆಟ್ಟಗಳಿಗೆ ತಮ್ಮ ಎತ್ತರ ಎಷ್ಟೆಂದು ಗೊತ್ತಿರಲಿಲ್ಲ. ನದಿಗಳು ಯಾವ ಕಡೆ ಇಳಿಯಬೇಕೆಂದು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು.

ಆ ಕಾಲದಲ್ಲಿ ಎರೆಮಣ್ಣಿನ ಸೀಮೆಯಲ್ಲಿ ಒಂದು ಕೆರೆ. ಕೆರೆಯ ದಂಡೆಗೆ ಒಂದು ಊರು. ಊರಲ್ಲಿ ಮೌನಪ್ಪ ಎಂಬ ಬಡಿಗ. ನಮ್ಮ ಮನೆತನದ ಮೂಲಪುರುಷ ಅವನೇ. ಜಗತ್ತಿನ ಮೊದಲ ಚಕ್ಕಡಿ ಮಾಡಿದವನು. ಚಂದ್ರ ಮೊದಲು ನಾಲ್ಕು ಮೂಲೆಯ ಹಲಗೆಯ ಹಾಗೆ ಇದ್ದ. ಅವನನ್ನು ಬಾಚಿಯಿಂದ ಕೆತ್ತಿ ಉರುಟು ಮಾಡಿದವನೂ ನಮ್ಮ ಮೌನಪ್ಪನೇ. ಸುಳ್ಳು ಎನ್ನುತ್ತೀರಾ? ಕೆತ್ತಿದ ಚಕ್ಕೆಗಳು ಈಗಲೂ ಆಕಾಶದ ತುಂಬ ಮಿನುಗುತ್ತ ಬಿದ್ದಿವೆ, ಹೋಗಿ ನೋಡಿಕೊಳ್ಳಿ.

ಅವನ ಚಕ್ಕಡಿಗೆ ಒಂದು ಹೆಸರಿತ್ತು: ಕಿರ್ ಎನ್ನದ ಗಾಡಿ. ಹುಲ್ಲು ಸುಟ್ಟ ಮಸಿಗೆ ಔಡಲೆಣ್ಣೆ ಕಲಸಿ ಅವನು ಕೀಲೆಣ್ಣೆ ಮಾಡುತ್ತಿದ್ದ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದ. ಅಷ್ಟು ಕಪ್ಪು ಬಣ್ಣ ಆಗ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಕಾಗೆ ಕೂಡ ಬಂದು ಗೊಟ್ಟದೊಳಗೆ ಇಣುಕಿ, ನಾಚಿ ಹಾರಿಹೋಗುತ್ತಿತ್ತು. ಅದನ್ನು ಗಾಲಿಯ ಅಚ್ಚಿಗೆ ಹಚ್ಚಿದರೆ, ಮಳೆ ಬರಲಿ, ಹಳ್ಳ ಬರಲಿ, ತೊಳೆದು ಹೋಗುವ ಮಾತೇ ಇಲ್ಲ.

“ನನ್ನ ಗಾಡಿ ಹೋದ್ರ ಇರಿವಿಗೂ ಎಚ್ಚರ ಆಗಂಗಿಲ್ಲ!” ಎಂದು ಮೌನಪ್ಪ ಏಳು ಊರಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದ.

“ಗಾಡಿಯಿಂದ ಆಗಂಗಿಲ್ರಿ, ನಿಮ್ಮ ಬಾಯಿಂದ ಆಗತೈತಿ,” ಎನ್ನುತ್ತಿದ್ದಳು ಅವನ ಹೆಂಡತಿ ಗಾಳೆವ್ವ.

ಒಂದು ಚಳಿಗಾಲದ ಬೆಳಗ್ಗೆ ಉತ್ತರದ ಮುಗಿಲಿನಿಂದ ಹಕ್ಕಿಗಳು ಇಳಿದವು. ಒಂದಲ್ಲ, ಎರಡಲ್ಲ, ಕೆರೆಯ ನೀರೇ ಕಾಣದಷ್ಟು. ಬೂದಿ ಬಣ್ಣದ ಮೈ, ಹಾಲಿನಷ್ಟು ಬಿಳಿ ತಲೆ. ಹೆಬ್ಬಾತುಗಳು! ಅಂಥ ಹಕ್ಕಿಯನ್ನು ಊರಿನವರು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಕಂಬಳಿ ಹೊದ್ದುಕೊಂಡು ಎಲ್ಲರೂ ದಂಡೆಗೆ ಬಂದರು. ಹಕ್ಕಿ ನೋಡಲೆಂದೇ ಹೊರಟ ಜಗತ್ತಿನ ಮೊದಲ ಗುಂಪು ಅದು.

“ಏ ನೋಡ್ರಲೇ, ಮುಗಿಲ ಹರದು ಬಿದ್ದೈತಿ!” ಎಂದು ಮೌನಪ್ಪ ಅರಚಿದ. ಭರ್ರೆಂದು ಅಷ್ಟೂ ಹಕ್ಕಿ ಎದ್ದು ಹೋದವು.

ಮರುದಿನ ಹಕ್ಕಿಗಳು ಮತ್ತೆ ಇಳಿದಾಗ ಗಾಳೆವ್ವ ಗಂಡನ ಬಾಯಿ ಮುಚ್ಚಿಸಲು ಒಂದು ಕಟಕ ರೊಟ್ಟಿ ಕೊಟ್ಟಳು. ಅವನು ಕಟಂ ಎಂದು ಕಡಿದ. ಭರ್ರೆಂದು ಅಷ್ಟೂ ಹಕ್ಕಿ ಎದ್ದು ಹೋದವು.

ಅದರ ಮರುದಿನ ಒಂದು ದೊಡ್ಡ ಬೆಲ್ಲದ ಹೆಂಟೆ ಕೊಟ್ಟಳು. ಬೆಲ್ಲ ಕರಗುವವರೆಗೆ ಬಾಯಿ ತೆರೆಯುವ ಹಾಗಿಲ್ಲ. ಹಕ್ಕಿಗಳು ಏಳಲಿಲ್ಲ.

ಕೊರಳಮಟ ನೀರಿನಲ್ಲಿದ್ದ ಎಮ್ಮೆ ಹೇಳಿತು: “ಅಂತೂ ಮನಶ್ಯಾರಿಗೆ ಸುಮ್ಮನ ನಿಂದ್ರೂದು ಬಂತು. ನನಗ ಹುಟ್ಟತಲೇ ಬರತಿತ್ತು.”

ಹಾಗೆ ಸುಮ್ಮನೆ ನಿಂತಾಗಲೇ ಗಾಳೆವ್ವನಿಗೆ ಕಾಣಿಸಿದ್ದು. ಎಲ್ಲ ಹಕ್ಕಿಗಳೂ ಮೇಯಲು ಕಡಲೆ ಹೊಲಕ್ಕೆ ಹೋದರೆ, ಒಂದು ತಾಯಿ ಹೆಬ್ಬಾತು ಮಾತ್ರ ಮರಿಯೊಂದನ್ನು ರೆಕ್ಕೆಯ ಪಕ್ಕ ಇಟ್ಟುಕೊಂಡು ನೀರಿನಲ್ಲೇ ಇತ್ತು. ಗಳಿಗೆಗೊಮ್ಮೆ ಕೊರಳು ತಿರುಗಿಸಿ ಹಿಂದೆ ನೋಡುತ್ತಿತ್ತು. ಹಿಂದೆ ಯಾರೂ ಇರಲಿಲ್ಲ.

ಗಾಳೆವ್ವ ಸೀರೆ ಎತ್ತಿ ಕಟ್ಟಿ, ಮೊಣಕಾಲು ಮಟ ನೀರಿಗೆ ಇಳಿದಳು.

“ಯಾಕ ತಂಗಿ, ಮೇಯಾಕ ಯಾಕ ಒಲ್ಲಿ?”

“ಹೆಂಗ ಮೇಯಲಿ ಯಕ್ಕಾ,” ಎಂದಿತು ತಾಯಿ ಹೆಬ್ಬಾತು. “ಇಲ್ಲಿಗೆ ಬರೂ ದಾರ್ಯಾಗ ಹಿಮದ ಬೆಟ್ಟ ಐತಿ. ಮುಗಿಲಿಗಿಂತ ಎತ್ತರ. ಮ್ಯಾಲ ಬಿಳಿ, ಕೆಳಗ ಬಿಳಿ, ಬೀಳೂ ಹಿಮ ಬಿಳಿ. ನಮ್ಮ ತಲಿನೂ ಬಿಳಿ. ಹಿಂದ ಬರೂ ಮರಿಗೆ ತಾಯಿ ಯಾವುದು, ಬೆಟ್ಟ ಯಾವುದು ತಿಳಿಯಂಗಿಲ್ಲ. ನಾಕು ಮರಿ ಕರಕೊಂಡು ಹೊಂಟೆ. ದಾಟಿ ತಿರುಗಿ ನೋಡಿದ್ರ ಇದೊಂದ ಇತ್ತು.”

ಗಾಳೆವ್ವ ಮರಿಯ ಬೆನ್ನು ಸವರಿದಳು.

“ಬ್ಯಾಸಗಿಗೆ ಮತ್ತ ಆ ಬೆಟ್ಟಾನ ದಾಟಬೇಕು. ಈ ಒಂದರ ಉಳದೀತೇನ ಯಕ್ಕಾ?”

“ಹೋಗೂದ ಬ್ಯಾಡ. ಇಲ್ಲೇ ಇದ್ದುಬಿಡು.”

ಆಗ ಕೆರೆ ಮೆಲ್ಲಗೆ ಅಲೆ ಎಬ್ಬಿಸಿ ಹೇಳಿತು: “ನನ್ನ ನಂಬಿ ಹಂಗ ಹೇಳಬ್ಯಾಡ ಗಾಳೆವ್ವ. ಹೋಳಿ ಹುಣ್ಣಿಮಿ ಕಳದ್ರ ನನ್ನ ತಳಾನ ಬಿರೀತೈತಿ. ಇವರನ್ನೆಲ್ಲ ಎಲ್ಲಿ ಇಟಗೊಳ್ಳಿ?”

ಗಾಳಿಯೂ ಹೇಳಿತು: “ಹೊತಗೊಂಡು ಹೋಗೂದು ನನ್ನ ಕೆಲಸ, ಮಾಡ್ತೀನಿ. ಆದ್ರ ನನಗ ಕಣ್ಣಿಲ್ಲ. ಯಾರು ಬಂದ್ರು, ಯಾರು ಉಳದ್ರು, ಗೊತ್ತಾಗಂಗಿಲ್ಲ.”

ದಂಡೆಯ ಮೇಲೆ ಬೆಲ್ಲ ಕರಗಿ ಮುಗಿದಿತ್ತು. “ಅದಕ್ಯಾಕ ಅಳ್ತೀರಿ? ಬಾಚಿ ತಗೊಂಡು ಹೋಗಿ ಆ ಬೆಟ್ಟಾನ ಕೆತ್ತಿ ಸಪಾಟ ಮಾಡ್ತೀನಿ!” ಎಂದ ಮೌನಪ್ಪ.

“ಮೊದಲ ನಮ್ಮ ಮನಿ ಬಾಗಲಾ ಕೆತ್ರಿ. ಮದಿವಿ ಆದಾಗಿಂದ ಮುಚ್ಚವಲ್ದು,” ಎಂದಳು ಗಾಳೆವ್ವ.

ನಮ್ಮ ಸೀಮೆಯ ತಾಯಂದಿರು ಪರ ಊರಿಗೆ ಹೊರಟ ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡದೆ ಹೊಸ್ತಿಲು ದಾಟಿಸುವುದಿಲ್ಲ. ಗಾಳೆವ್ವನೂ ದೀಪದ ಕಾಡಿಗೆ ತಂದು ತಾಯಿ ಹೆಬ್ಬಾತಿನ ಕೆನ್ನೆಗೆ ಒಂದು ಬೊಟ್ಟು ಇಟ್ಟಳು. ಹಕ್ಕಿ ಒಮ್ಮೆ ನೀರಿನಲ್ಲಿ ತಲೆ ಮುಳುಗಿಸಿ ಎದ್ದಿತು. ಬೊಟ್ಟು ಇಲ್ಲ. ಮತ್ತೆ ಇಟ್ಟಳು. ಮತ್ತೆ ಇಲ್ಲ.

ಚಳಿಗಾಲ ತೀರುತ್ತ ಬಂತು. ಗಾಳಿ ದಿಕ್ಕು ಬದಲಿಸತೊಡಗಿತು. ಗಾಳೆವ್ವನ ಒಲೆಯ ಮೇಲೆ ರೊಟ್ಟಿ ಸೀದು ಹೋಗುತ್ತಿದ್ದವು.

ಆಗ ಒಂದು ಮುಂಜಾನೆ ಮಂಜು ಬಿತ್ತು. ಎಂಥ ಮಂಜು! ನನ್ನ ಅಜ್ಜ ಹೇಳುತ್ತಿದ್ದ, ಅವತ್ತು ಊರಿನವರು ಮಂಜನ್ನು ಕುಡುಗೋಲಿನಿಂದ ಕೊಯ್ದು ಬದಿಗೆ ಒಟ್ಟಿ ಬಾಗಿಲು ತೆರೆದರಂತೆ. ಆ ಮಂಜಿನಲ್ಲಿ ಹೆಬ್ಬಾತಿನ ಮರಿ ಕಳೆದುಹೋಯಿತು. ಕಡಲೆ ಹೊಲಕ್ಕೆ ಮೇಯಲು ಹೋದದ್ದು ಹಿಂದೆ ಬರಲಿಲ್ಲ. ತಾಯಿ ಕೂಗಿತು, “ಆಂಗ್! ಆಂಗ್!” ಉತ್ತರವಿಲ್ಲ.

ಬಹಳ ಹೊತ್ತಿನ ಮೇಲೆ ಮಂಜಿನೊಳಗಿಂದ ಏನೋ ಬಂತು. ಹಾರಿಕೊಂಡು ಅಲ್ಲ, ನಡೆದುಕೊಂಡು. ಕುಲುಕುಲು ಎನ್ನುತ್ತ, ಚಕ್ಕಡಿಯ ದಾರಿಯ ನಟ್ಟನಡುವೆ, ಮರಿ!

“ಹೆಂಗ ಬಂದ್ಯೋ ಮಗನ?” ಗಾಳೆವ್ವ ಕೇಳಿದಳು.

“ಏನೂ ಕಾಣಲಿಲ್ಲ. ನೆಲದ ಮ್ಯಾಲ ಎರಡು ಕರಿ ಗೆರಿ ಕಂಡುವು. ಜೋಡಿ ಬಿಡದಂಗ ಹೊಂಟಿದ್ದುವು. ಅವನ್ನ ಹಿಡದು ಬಂದೆ.”

ಗಾಳೆವ್ವ ಇದ್ದಲ್ಲೇ ಕುಳಿತುಬಿಟ್ಟಳು. ಗಾಲಿಯ ಗೆರೆ! ಎರೆಮಣ್ಣಿನಲ್ಲಿ ದಾರಿ ತಪ್ಪಿದವರೆಲ್ಲ ಚಕ್ಕಡಿಯ ಜೋಡಿ ಗೆರೆ ಹಿಡಿದೇ ಮನೆ ಸೇರುತ್ತಿದ್ದರು.

“ತಂಗಿ, ಆ ಬೆಟ್ಟದಾಗ ಕರಿ ಗೆರಿ ಅದಾವೇನು?”

“ಬಿರುಕು ಬೇಕಾದಷ್ಟು ಅದಾವ ಯಕ್ಕಾ. ಎಲ್ಲಾ ಒಂಟಿ ಗೆರಿ. ಜೋಡಿ ಗೆರಿ ಎಲ್ಲೂ ಕಂಡಿಲ್ಲ.”

ಗಾಳೆವ್ವ ಎದ್ದು ಗಂಡನ ಮುಂದೆ ಕೈಚಾಚಿದಳು. “ಕೀಲೆಣ್ಣಿ ಕೊಡ್ರಿ.”

ಮೌನಪ್ಪನ ಮುಖ ಬಾಡಿತು. “ಇರೂದು ಒಂದ ಗೊಟ್ಟ. ಔಡಲ ಮತ್ತ ಕಾಯಿ ಬಿಡೂದು ಬರೂ ವರ್ಷ. ಕೊಟ್ರ ನನ್ನ ಗಾಡಿ ಕಿರ್ ಅಂತೈತಿ. ಏಳು ಊರು ನಗತಾವು.”

ಅಷ್ಟರಲ್ಲಿ ದಣಿದ ಮರಿ ಅವನ ಪಾದದ ಮೇಲೆ ಕೊರಳಿಟ್ಟು ಕಣ್ಣು ಮುಚ್ಚಿತ್ತು. ಮೌನಪ್ಪ ಕಾಲು ಅಲುಗಿಸದೆ ಹಾಗೇ ನಿಂತ. ಆಮೇಲೆ ಹೇಳಿದ: “ನಗಲಿ ತಗೋ. ಗಾಡಿ ಕೆಳಗ ತೂಗಹಾಕೇನಿ. ಪೂರಾ ಬಳಕೋ.”

ಆ ಬೆಳಗ್ಗೆ ಆದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕೆರೆಯಲ್ಲಿದ್ದ ದೊಡ್ಡ ಹೆಬ್ಬಾತುಗಳೆಲ್ಲ ಸಾಲಾಗಿ ದಂಡೆ ಹತ್ತಿದವು. ಒಂದೊಂದೇ ಬಂದು ಗಾಳೆವ್ವನ ಮುಂದೆ ತಲೆ ಬಾಗಿಸಿದವು. ಗಾಳೆವ್ವ ಬೆರಳಿಗೆ ಕೀಲೆಣ್ಣೆ ಹಚ್ಚಿಕೊಂಡು, ನೆತ್ತಿಯ ಹಿಂದೆ ಈ ಕಣ್ಣಿನಿಂದ ಆ ಕಣ್ಣಿನವರೆಗೆ ಒಂದು ಗೆರೆ ಎಳೆದಳು. ಅದರ ಕೆಳಗೆ ಇನ್ನೊಂದು ಗೆರೆ. ಹಕ್ಕಿಗಳು ನೀರಿನಲ್ಲಿ ಮುಳುಗಿ ಎದ್ದವು. ಗೆರೆ ಹಾಗೇ ಇದ್ದವು. ಮರಿಯ ಸರದಿ ಬರುವಷ್ಟರಲ್ಲಿ ಗೊಟ್ಟ ಬರಿದಾಗಿತ್ತು.

“ಇರಲಿ. ನೀ ಅವ್ವನ ಹಿಂದ ಹೋಗಾಂವ. ನಿನಗ್ಯಾಕ?” ಎಂದು ಗಾಳೆವ್ವ ಅದರ ಬರಿ ತಲೆ ಸವರಿದಳು.

ಹೋಳಿಗೆ ಮುಂಚೆ ಹಕ್ಕಿಗಳು ಎದ್ದು ಹೋದವು. ಮುಂದೆ ತಾಯಿ, ಹಿಂದೆ ಮರಿ. ಚುಕ್ಕೆಯಾಗಿ, ಚುಕ್ಕೆಯೂ ಇಲ್ಲದಾಗಿ ಮುಗಿಲಲ್ಲಿ ಮುಳುಗಿದವು. ಮೌನಪ್ಪನ ಗಾಡಿ ಊರತುಂಬ ಕಿರ್ರೋ ಎಂದು ಅಳತೊಡಗಿತು. “ಏನಪಾ ಮೌನಪ್ಪ, ಗಾಲಿಯೊಳಗ ಹಂದಿ ಕಟ್ಟಿಯೇನು?” ಎಂದು ಜನ ಅಣಕಿಸಿದರು. ಅವನು ಎತ್ತು ಹೊಡೆದುಕೊಂಡು ಮುಂದೆ ಹೋದ.

ಬೇಸಿಗೆ ಹೋಯಿತು. ಮಳೆ ಬಂತು, ಕೆರೆ ತುಂಬಿತು. ದೀಪಾವಳಿ ಕಳೆದು ಚಳಿ ಬಂತು. ಊರಿನವರು ದಿನಾ ನಸುಕಿನಲ್ಲಿ ಕಂಬಳಿ ಹೊದ್ದು ದಂಡೆಗೆ ಬಂದು ಉತ್ತರದ ಮುಗಿಲು ನೋಡಿದರು. ಹಕ್ಕಿಗಳು ಬರಲಿಲ್ಲ. ಮರುದಿನ ನೋಡಿದರು. ಬರಲಿಲ್ಲ. ಈಗ ಯಾರ ಬಾಯಿಗೂ ಬೆಲ್ಲ ಬೇಕಿರಲಿಲ್ಲ. ಎಮ್ಮೆ ಕೂಡ ಮೆಲುಕು ನಿಲ್ಲಿಸಿ ಮೇಲೆ ನೋಡುತ್ತಿತ್ತು.

“ಬೆಟ್ಟ ನುಂಗಿತೇನ್ರೀ?” ಎಂದು ಗಾಳೆವ್ವ ಒಂದು ದಿನ ಪಿಸುಗುಟ್ಟಿದಳು. ಮೌನಪ್ಪ ಅವಳ ಹೆಗಲಿಗೆ ತನ್ನ ಕಂಬಳಿಯನ್ನೂ ಹೊದಿಸಿದ.

ಆಗ ಬಡಗಣ ಗಾಳಿ ಬಂತು. ಗಾಳಿಯ ಹಿಂದೆ ಒಂದು ದನಿ. “ಆಂಗ್!”

ಮುಗಿಲ ಅಂಚಿನಲ್ಲಿ ಒಂದು ಎಳೆ ಕಂಡಿತು. ಎಳೆ ಹಗ್ಗವಾಯಿತು. ಹಗ್ಗ ಬಾಗಿದ ಬಿಲ್ಲಾಯಿತು. ಬಿಲ್ಲಿನ ತುದಿಗೆ ಒಂದು ಹಕ್ಕಿ. ಅದು ಎಲ್ಲಕ್ಕಿಂತ ಮೊದಲು ನೀರಿಗೆ ಇಳಿದು, ಸರಸರ ದಂಡೆ ಹತ್ತಿ, ಗಾಳೆವ್ವನ ಮುಂದೆ ತಲೆ ಬಾಗಿಸಿತು. ಬಿಳಿ ತಲೆಯ ಮೇಲೆ ಎರಡು ಕರಿ ಗೆರೆ.

ಗಾಳೆವ್ವ ಕಣ್ಣು ಕಿರಿದು ಮಾಡಿ ನೋಡಿದಳು. ತಾಯಿ ಅಲ್ಲ. ಮರಿ! ಬೆಳೆದು ನಿಂತ ಮರಿ!

“ನಿನಗ ನಾ ಹಚ್ಚಿರಲಿಲ್ಲಲ್ಲೋ!”

ಹಿಂದಿನಿಂದ ತಾಯಿ ಹೆಬ್ಬಾತು ಬಂತು. “ಯಾರೂ ಹಚ್ಚಲಿಲ್ಲ ಯಕ್ಕಾ. ಹೋಗೂವಾಗ ಅಂವ ನನ್ನ ಗೆರಿ ನೋಡಿ ದಾಟಿದ. ಬರೂವಾಗ ಬೆಟ್ಟದ ಮ್ಯಾಲ ಬಿರುಗಾಳಿ ಎದ್ದು ನನ್ನ ರೆಕ್ಕಿ ಸೋತುವು. ‘ಅವ್ವಾ, ದಾರಿ ನನಗ ಗೊತ್ತೈತಿ, ನನ್ನ ಹಿಂದ ಬಾ’ ಅಂತ ಅಂವ ಮುಂದ ಹೋದ. ಸುತ್ತ ಎಲ್ಲಾ ಬಿಳಿ. ನೋಡ್ತಾ ನೋಡ್ತಾ ಅವನ ಬರಿ ತಲಿ ಮ್ಯಾಲ ಒಂದು ಗೆರಿ ಕರ್ರಗಾತು. ಅದರ ಕೆಳಗ ಇನ್ನೊಂದು. ನಾನ ಅದನ್ನ ಹಿಡದು ಬಂದೆ.”

ತಾಯಿಯ ಹಿಂದೆ ಈ ವರ್ಷದ ಮರಿಗಳು ನೀರಿಗೆ ಇಳಿದವು. ಒಂದೂ ತಪ್ಪಿರಲಿಲ್ಲ. ತಾಯಿ ಹಿಂದೆ ನೋಡಲೂ ಇಲ್ಲ; ನೇರ ಕಡಲೆ ಹೊಲಕ್ಕೆ ನಡೆದು ಮೇಯತೊಡಗಿತು.

ಸೂರ್ಯ ಹುಟ್ಟಿದ. ದಂಡೆಯ ಮೇಲಿದ್ದ ಜನ ಮಿಸುಕಲಿಲ್ಲ. ಜಗತ್ತಿನ ಮೊದಲ ಚಕ್ಕಡಿ ಮಾಡಿದವನು, ಚಂದ್ರನನ್ನು ಕೆತ್ತಿದವನು, ನಮ್ಮ ಮೌನಪ್ಪ, ಬಾಯಿ ತೆರೆದ. ಮಾತು ಹೊರಡಲಿಲ್ಲ. ಕೈ ಮುಗಿದ.

ಅದಕ್ಕೇ ಮಕ್ಕಳೇ, ಚಳಿಗಾಲದ ನಸುಕಿನಲ್ಲಿ ಹಕ್ಕಿ ನೋಡುವ ಗುಂಪಿನ ಜೊತೆ ನೀವು ಕೆರೆಯ ದಂಡೆಗೆ ಹೋದಾಗ ದೊಡ್ಡವರೂ ಮಾತು ಮರೆತು ನಿಲ್ಲುತ್ತಾರೆ. ದುರ್ಬೀನು ಹಿಡಿದರೆ ಹೆಬ್ಬಾತಿನ ಬಿಳಿ ತಲೆಯ ಮೇಲೆ ಎರಡು ಕರಿ ಗೆರೆ ಕಾಣುತ್ತವೆ, ಗೆರೆಯಿಲ್ಲದ್ದು ಕಂಡಿತೋ ಅದು ಈ ವರ್ಷದ ಮರಿ, ಅದರ ದಾರಿ ಇನ್ನೂ ಮುಂದಿನ ಹಕ್ಕಿಯ ತಲೆಯ ಮೇಲಿದೆ.