ಹೊಟ್ಟು ಅಂಟಿದ ಮಡಕೆ

ಒಂದಾನೊಂದು ಕಾಲದಲ್ಲಿ, ಕೋರ್ಟಿಗೆ ಇನ್ನೂ ಗೋಡೆ ಕಟ್ಟಿರದ ಕಾಲದಲ್ಲಿ, ನಮ್ಮೂರ ಕಡೆ ಹೊನ್ನಕ್ಕ ಅಂತ ಒಬ್ಬ ಕುಂಬಾರರ ಹೆಂಗಸು ಇದ್ದಳಂತೆ. ಕಣ್ಣು ಮುಚ್ಚು ಪುಟ್ಟಿ, ಕಿವಿ ಮುಚ್ಚಬೇಡ. ನಿಮ್ಮಮ್ಮನೂ ಕರಿ ಕೋಟು ಮಡಚಿಟ್ಟು ಇತ್ತ ಬರಲಿ, ಹೊಸ ವಕೀಲೆಗೂ ಬೇಕಾದ ಕತೆ ಇದು.

ಹೊನ್ನಕ್ಕನ ಆವಿಗೆ, ಅಂದರೆ ಮಡಕೆ ಸುಡೋ ಜಾಗ, ಪಟೇಲ ಚಿಕ್ಕೇಗೌಡನ ಕಣದ ಪಕ್ಕದಲ್ಲೇ ಇತ್ತಂತೆ. ಒಂದು ದಿನ ಅವಳು ಆವಿಗೆಗೆ ಬೆಂಕಿ ಹಾಕಿದ್ದಾಗ ಕಣದಲ್ಲಿದ್ದ ಹುಲ್ಲಿನ ಬಣವೆ ಹೊತ್ತಿಕೊಂಡಿತಂತೆ. ಪಟೇಲ ನೆಟ್ಟಗೆ ನ್ಯಾಯಾಧಿಪತಿ ಹತ್ತಿರ ಹೋಗಿ, ಇವಳ ಆವಿಗೆ ಕಿಡಿ ಹಾರಿ ನನ್ನ ಬಣವೆ ಸುಟ್ಟಿತು, ಇವಳನ್ನ ಊರು ಬಿಡಿಸಿ, ಆ ಜಾಗ ನನಗೆ ಕೊಡಿಸಿ ಅಂದನಂತೆ. ನೋಡು ಆಸೆಬುರುಕನ್ನ!

ಆಮೇಲೆ ಹೊನ್ನಕ್ಕ ಪೇಟೆಗೆ ಓಡಿದಳಂತೆ. ಅಲ್ಲಿ ಮೂವರು ಅಣ್ಣತಮ್ಮಂದಿರು, ಮೂವರೂ ಹೊಸ ವಕೀಲರು. ದೊಡ್ಡವನ ಮುಂದೆ ಕೂತು, ಸ್ವಾಮಿ, ಅವತ್ತು ನನ್ನ ಹಸಿ ಮಡಕೆಗೆಲ್ಲ ಪಟೇಲನ ಕಣದ ಹೊಟ್ಟು ಬಂದು ಅಂಟಿ ಹಾಳಾಯ್ತು ಅಂತ ಶುರು ಮಾಡಿದಳಂತೆ. ಅವನು, ಹೊಟ್ಟಿನ ಪುರಾಣ ಬೇಡಮ್ಮ, ಎಲ್ಲ ನನಗೆ ಬಿಡು ಅಂದು, ನ್ಯಾಯಾಧಿಪತಿ ಮುಂದೆ ಹೋಗಿ, ಹೊನ್ನಕ್ಕ ಅವತ್ತು ಬೆಂಕಿಯನ್ನೇ ಹಾಕಿರಲಿಲ್ಲ ಅಂತ ಗಂಟಲು ಹರಿಯೋ ಹಾಗೆ ವಾದಿಸಿದನಂತೆ. ಇಡೀ ಊರು ಹೊಗೆ ನೋಡಿತ್ತು! ಜನ ಬಿದ್ದು ಬಿದ್ದು ನಕ್ಕರಂತೆ. ಸುಳ್ಳುಗಾತಿ ಅನ್ನಿಸಿಕೊಂಡವಳು ಯಾರು? ಹೊನ್ನಕ್ಕ.

ಆಮೇಲೆ ನಡುವಿನವನ ಹತ್ತಿರ ಹೋದಳಂತೆ. ಅವನೂ ಹೊಟ್ಟಿನ ಮಾತು ಬಂದ ಕೂಡಲೇ ಕೈ ಅಡ್ಡ ಹಿಡಿದು, ನ್ಯಾಯಾಧಿಪತಿ ಮುಂದೆ ಹೋಗಿ, ಬಡವಿ ಸ್ವಾಮಿ, ತಪ್ಪಾಯ್ತು, ಕ್ಷಮಿಸಿ ಅಂತ ಗೋಳಾಡಿದನಂತೆ. ಮಾಡದ ತಪ್ಪನ್ನ ಅವಳ ತಲೆಗೆ ಕಟ್ಟಿ ಬಂದ, ಅಯೋಗ್ಯ! ನ್ಯಾಯಾಧಿಪತಿ, ಇನ್ನೊಂದೇ ಸಲ ಕೇಳ್ತೀನಿ, ಆಮೇಲೆ ಊರು ಬಿಡಬೇಕು ಅಂದರಂತೆ.

ಕಿರಿಯವನು ಮಾತ್ರ ಚಾಪೆ ಹಾಸಿ, ಮೊದಲಿಂದ ಹೇಳಕ್ಕ ಅಂದನಂತೆ. ಪೂರ್ತಿ ಕೇಳಿ, ಅವಳ ಜೊತೆ ಆವಿಗೆ ಹತ್ತಿರ ಹೋಗಿ ನೋಡಿದನಂತೆ. ಸುಡದೆ ಇಟ್ಟ ಮಡಕೆಗಳಿಗೆ ಕಣದ ಕಡೆ ಮಗ್ಗುಲಿಗೆ ಮಾತ್ರ ಹೊಟ್ಟು ಮೆತ್ತಿಕೊಂಡಿತ್ತಂತೆ. ಆಮೇಲೆ ತಾನೇ ಪಟೇಲನ ವಕೀಲನ ಹಾಗೆ ಎದುರು ನಿಂತು, ಈ ಹೊಟ್ಟು ನೀನೇ ಮೆತ್ತಿದ್ದು ಅಂದನಂತೆ. ಹೊನ್ನಕ್ಕನಿಗೆ ಉರಿದುಹೋಯಿತು. ನಿನ್ನ ಬಾಯಿಗೆ ಮಣ್ಣು ಹಾಕ, ಸ್ವಂತ ಮಡಕೆ ಯಾರಾದರೂ ಕೆಡಿಸಿಕೊಳ್ತಾರೇನೋ ಅಂದಳಂತೆ. ಕೋಪ ಮಾಡಬೇಡಕ್ಕ, ನಾಳೆ ಅವರು ಹೀಗೇ ಅಂತಾರೆ, ಅದಕ್ಕೇ ಮೊದಲೇ ಮಡಕೆ ತೋರಿಸೋದು ಬೇಡ, ಗಾಳಿ ವಿಷಯ ಪಟೇಲನ ಬಾಯಲ್ಲೇ ಹೇಳಿಸೋಣ ಅಂದನಂತೆ.

ಮಾರನೇ ದಿನ ಎಲ್ಲರ ಮುಂದೆ, ಗೌಡರೇ, ಬೆಂಕಿ ಬಿದ್ದಾಗ ಏನು ಮಾಡ್ತಿದ್ರಿ ಅಂತ ಮೆಲ್ಲಗೆ ಕೇಳಿದನಂತೆ. ರಾಗಿ ತೂರಿಸ್ತಿದ್ದೆ ಅಂದನಂತೆ ಪಟೇಲ. ಗಾಳಿ ಚೆನ್ನಾಗಿತ್ತಾ? ಬೇಕಾದಷ್ಟಿತ್ತು, ಅದಕ್ಕೇ ತಾನೇ ಕಿಡಿ ಹಾರಿದ್ದು! ಹಾಗಾದರೆ ಹೊಟ್ಟು ಯಾವ ಕಡೆ ಹೋಗ್ತಿತ್ತು? ನೆನಪಿಲ್ಲ ಅಂದನಂತೆ ಪಟೇಲ. ಆಗ ಹೊರಗೆ ಬಂತು ನೋಡು ಮಡಕೆ! ಹೊಟ್ಟು ಆವಿಗೆ ಕಡೆ ಹಾರಿತು, ಕಿಡಿ ಮಾತ್ರ ಗಾಳಿಗೆ ಎದುರಾಗಿ ಕಣಕ್ಕೆ ಹಾರಿತಾ ಗೌಡರೇ ಅಂದನಂತೆ. ಅಷ್ಟರಲ್ಲಿ ಪಟೇಲನ ಆಳೇ, ಬಣವೆ ಹಿಂದೆ ಗೌಡರ ಭಾಮೈದ ಬೀಡಿ ಸೇದ್ತಿದ್ರು ಅಂತ ಬಾಯಿಬಿಟ್ಟನಂತೆ.

ಜಾಗ ಹೊನ್ನಕ್ಕನಿಗೇ ಉಳಿಯಿತು. ಕೆಟ್ಟ ಮಡಕೆಗಳ ಬದಲಿಗೆ ಪಟೇಲ ಗಾಡಿ ತುಂಬ ಜೇಡಿಮಣ್ಣು ತಂದು ಹಾಕಬೇಕು ಅಂತ ತೀರ್ಪಾಯಿತಂತೆ. ನಾವೂ ನಿನಗಾಗಿ ಹೋರಾಡಿದ್ವಿ ಅಂತ ಹಲ್ಲು ಕಿರಿದುಕೊಂಡು ಬಂದ ಅಣ್ಣಂದಿರಿಗೆ ಹೊನ್ನಕ್ಕ, ನನ್ನ ಮಾತು ಕೇಳೋಕೆ ಪುರುಸೊತ್ತಿರಲಿಲ್ಲ, ನನ್ನ ಪರವಾಗಿ ಮಾತಾಡೋಕೆ ಮಾತ್ರ ಪುರುಸೊತ್ತಿತ್ತಾ ಅಂದಳಂತೆ. ಆಮೇಲೆ ಮತ್ತೆ ಆವಿಗೆ ಹೊತ್ತಿಸಿಕೊಂಡು ಸುಖವಾಗಿದ್ದಳಂತೆ. ಕತೆ ಮುಗೀತು ಪುಟ್ಟಿ, ಆ ಅಣ್ಣಂದಿರ ಮೇಲೆ ನನ್ನ ಸಿಟ್ಟು ಮುಗಿದಿಲ್ಲ, ನೀನು ಮಲಗು.