ಕೂದಲೆಳೆ ಗೆರೆಗೆ ಉಜ್ಜಿಸಿಕೊಂಡ ಬಾನೆಟ್ಟು

ಗೆರೆ ಕಳೆದುಕೊಳ್ಳಲು ಹೋದ ಕಪ್ಪು ಕಾರಿನ ಬಾನೆಟ್ಟು ಕೊನೆಗೆ ಏನನ್ನು ಕಳೆದುಕೊಂಡಿತು, ಊಹಿಸಿ ನೋಡೋಣ! ಬಿಸಿಲಲ್ಲಷ್ಟೇ ಕಾಣುವ ಕೂದಲೆಳೆಯಂಥ ಸುತ್ತುಗೆರೆಗಳು ಅದಕ್ಕೆ ಮಹಾ ಅವಮಾನ. ಮನೆಗೆ ಬಂದ ಪಾಲಿಶ್ ಯಂತ್ರವನ್ನು, "ಉಜ್ಜು! ನಾಳೆ ಪೂಜೆಗೆ ಈ ಡಕೋಟಾ ಸ್ಕೂಟರಿನ ಪಕ್ಕ ಹೀಗೇ ನಿಲ್ಲಲೇ?" ಎಂದು ಗದರಿತು.

ಯಂತ್ರ ಉಜ್ಜಿತು. "ಸಾಕು ಸ್ವಾಮಿ. ನಾನು ಗೆರೆ ಅಳಿಸುವವನಲ್ಲ, ಅದರ ಸುತ್ತಲ ಬಣ್ಣವನ್ನೇ ಸವೆಸುವವನು."

"ಇನ್ನೂ ಒಂದು ಗೆರೆಯಿದೆ, ಉಜ್ಜಯ್ಯ!"

ಯಂತ್ರ ಮತ್ತೆ ಉಜ್ಜಿತು. ಬಣ್ಣ ಹೋಗಿ ನಟ್ಟನಡುವೆ ಅಂಗೈಯಗಲ ತಗಡು ಕಂಡಿತು.

ಸ್ಕೂಟರ್ ಕಿಸಕ್ಕನೆ ನಕ್ಕಿತು: "ಇನ್ನು ನಿಶ್ಚಿಂತೆ, ರಾಯರೇ! ಬೋಳುತಲೆಗೆ ಬೈತಲೆಯ ಯೋಚನೆಯಿಲ್ಲ."

ಮರುದಿನ ಮನೆಯೊಡತಿ ಸ್ಕೂಟರಿಗೆ ಒಂದು ಬೊಟ್ಟಿಟ್ಟಳು. ಬಾನೆಟ್ಟಿನ ಬೋಳು ಮುಚ್ಚಲು ಬಟ್ಟಲ ಕುಂಕುಮವನ್ನೆಲ್ಲ ಬಳಿದಳು. ಅಂದು ಮಹಾನವಮಿ, ಆಯುಧಪೂಜೆಯ ಬುಧವಾರ.