ಕೆರೆ ಏರಿಯ ಮೇಲೆ ದೊರೆಯ ಮೊಸರು

"ಸೀಟಿನ ಮೇಲೆ ಒಮ್ಮೆ ಕೂತೆನೆಂದರೆ ಏರಿ ಮುಗಿಯುವವರೆಗೆ ನಾನು ಯಾರಿಗೂ ಇಳಿಯುವವನಲ್ಲ" ಎಂದು ಬೆಟ್ಟದರಸು ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಬೆಟ್ಟದರಸು ಹೊಂಗೆಪುರದ ರಾಣಿಯ ಮುದ್ದಿನ ತಮ್ಮ. ಆ ಸಂಸ್ಥಾನದಲ್ಲಿ ಸೈಕಲ್ಲು ಇದ್ದದ್ದು ಅವನೊಬ್ಬನ ಹತ್ತಿರ. ಗಂಟೆ ಹೇಡಿಗಳಿಗೆ ಎಂದು ಗಂಟೆ ಕಿತ್ತಿದ್ದ, ಬ್ರೇಕು ಮುದುಕರಿಗೆ ಎಂದು ಅದನ್ನೂ ಕಿತ್ತಿದ್ದ. ಊರಿಗೂ ಅರಮನೆಗೂ ನಡುವೆ ಇದ್ದ ನೇರ ದಾರಿ ಒಂದೇ, ಕೆರೆ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಮುಳ್ಳಿನ ಪೊದೆ, ನಡುವೆ ಇಬ್ಬರು ನಡೆಯುವಷ್ಟು ಜಾಗ. ಅವನು ಬುರ್ರೆಂದು ಬಂದನೆಂದರೆ ಈಜು ಬರುವವರು ನೀರಿಗೆ ಹಾರುತ್ತಿದ್ದರು, ಬಾರದವರು ಮುಳ್ಳಿಗೆ.

ಮೊಸರು ಮಾರುವ ಪುಟ್ಟತಾಯಮ್ಮ ಎರಡು ಸಲ ಮುಳ್ಳಿಗೆ ಹಾರಿದ್ದಳು. ಮೊದಲ ಸಲ ಮಡಕೆ ಹೋಯಿತು, ಎರಡನೆಯ ಸಲ ಮಡಕೆಯ ಜೊತೆ ಮೊಣಕೈಯೂ ಹೋಯಿತು. ಅವಳು ಕೈಗೆ ಬಟ್ಟೆ ಸುತ್ತಿಕೊಂಡು ದೂರು ತಂದರೆ ಬೆಟ್ಟದರಸು ತಿರುಗಿ ಅವಳ ಮೇಲೇ ದೂರು ಹೇಳಿದ. ನಡೆಯುವವರು ತನ್ನ ಚಕ್ರಕ್ಕೆ ಅಡ್ಡ ಬರುತ್ತಾರೆ, ಅವರೆಲ್ಲ ಹೊಲ ಸುತ್ತಿಕೊಂಡು ಬರಲೆಂದು ಅಪ್ಪಣೆಯಾಗಬೇಕು ಎಂದ. ಹೊಲ ಸುತ್ತಿದರೆ ಮಧ್ಯಾಹ್ನ. ಅಷ್ಟರಲ್ಲಿ ಮೊಸರು ಹುಳಿ, ಅರಮನೆ ಮುಂದಿನ ಸಂತೆಯೂ ಖಾಲಿ. ಮೊಸರು ಮಾರುವ ಮೂವತ್ತೆರಡು ಮನೆಗಳ ಒಲೆ ಆರಿದಂತೆಯೇ. ದೊರೆಗೆ ಇದು ಗೊತ್ತಿತ್ತು, ಆದರೆ ರಾಣಿ ಮಾತು ಬಿಟ್ಟರೆ ಎಂಬ ಭಯವೂ ಇತ್ತು. ಅಪ್ಪಣೆಯ ಕಾಗದಕ್ಕೆ ಮುದ್ರೆ ಒತ್ತಲು ಕೈ ಚಾಚಿದ.

ಆಗ ಆಸ್ಥಾನದ ಹಾಸ್ಯಗಾರ ಚೆನ್ನಿಗಪ್ಪ ಕುಂಟುತ್ತಾ ಎದ್ದು ನಿಂತ. ಅವನಿಗೂ ಈಜು ಬರುತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಬೆಟ್ಟದರಸರು ಏರಿಯ ಮೇಲೆ ತಾವಾಗಿಯೇ ಇಳಿಯುತ್ತಾರೆ ಪ್ರಭು. ನಾನು ಕಲ್ಲು ಹಾಕುವುದಿಲ್ಲ, ಕೋಲು ಹಿಡಿಯುವುದಿಲ್ಲ. ತಮ್ಮ ಅಪ್ಪಣೆಯೂ ಬೇಡ."

ಬೆಟ್ಟದರಸು ಹೊಟ್ಟೆ ಹಿಡಿದು ನಕ್ಕ. ಇಳಿಸಿದರೆ ಗಂಟೆ, ಬ್ರೇಕು ಎರಡನ್ನೂ ಹಾಕಿಸುವುದಾಗಿ ಮಾತು ಕೊಟ್ಟ. ಇಳಿಸದಿದ್ದರೆ ಹೊಲ ಸುತ್ತುವವರಲ್ಲಿ ಚೆನ್ನಿಗಪ್ಪನೇ ಮೊದಲಿಗ.

ಹೊರಗೆ ಬಂದೊಡನೆ ಪುಟ್ಟತಾಯಮ್ಮ ಅವನನ್ನು ತಡೆದಳು. "ಇದ್ದ ಒಂದು ದಾರೀನೂ ಪಂದ್ಯಕ್ಕಿಟ್ಟುಬಿಟ್ರಲ್ಲ ಸ್ವಾಮಿ. ಸೋತರೆ ನನ್ನ ಮಕ್ಕಳಿಗೆ ಏನು ಹಾಕ್ಲಿ?"

ಚೆನ್ನಿಗಪ್ಪನಿಗೆ ಅದು ಆಗಲೇ ಹೊಳೆದದ್ದು. ಹೌದಲ್ಲ, ಸೋತರೆ ತನಗೆ ಕಾಲು ನೋವು, ಇವಳಿಗೆ ಹೊಟ್ಟೆ ನೋವು. ಆದರೂ ಮುಖದಲ್ಲಿ ತೋರಿಸದೆ, ಮೂವತ್ತೆರಡು ಮಡಕೆಗಳಿಗೆ ಕಟ್ಟುವಷ್ಟು ಕೆಂಪು ಬಟ್ಟೆ ಹೊಂದಿಸಲು ಹೇಳಿ ನೆಟ್ಟಗೆ ಅರಮನೆಯ ಅಡಿಗೆಮನೆಗೆ ನಡೆದ.

ಆ ಸಂಸ್ಥಾನದಲ್ಲಿ ಒಂದು ಪದ್ಧತಿಯಿತ್ತು. ದೊರೆಯ ಊಟಕ್ಕೆ ಹೋಗುವ ಪಾತ್ರೆಯ ಬಾಯಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಗಂಟೆಯವನೊಬ್ಬ ಗಂಟೆ ಬಾರಿಸುತ್ತಾ ಅದರ ಮುಂದೆ ನಡೆಯುತ್ತಿದ್ದ. ಗಂಟೆಯವನಿಲ್ಲದಿದ್ದರೂ ಕೆಂಪು ಬಟ್ಟೆ ಕಂಡವರು ಯಾರೇ ಇರಲಿ, ಹತ್ತಿದ ವಾಹನದಿಂದ ಇಳಿದು, ಜೋಡು ಕಳಚಿ, ಪಾತ್ರೆ ದಾಟುವವರೆಗೆ ಕೈಮುಗಿದು ನಿಲ್ಲಬೇಕು. ಈ ಪದ್ಧತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದವನು ಬೇರಾರೂ ಅಲ್ಲ, ಬೆಟ್ಟದರಸು. ಹೋದ ದಸರೆಯಲ್ಲಿ ಪಾಯಸದ ಪಾತ್ರೆಗೆ ಕುದುರೆ ಇಳಿಯಲಿಲ್ಲವೆಂದು ದಿವಾನರನ್ನೇ ಬಿಸಿಲಲ್ಲಿ ನಿಲ್ಲಿಸಿದ್ದ.

ಅಡಿಗೆಯ ಮುಖ್ಯಸ್ಥನಿಗೋ ಮೊಸರು ಸರಿಯಿಲ್ಲವೆಂದು ದಿನಾ ದೊರೆಯಿಂದ ಬೈಗುಳ. ಸಂತೆಗೆ ಬರುವ ಮಡಕೆಗಳನ್ನೆಲ್ಲ ಬಾಗಿಲಲ್ಲೇ ರುಚಿ ನೋಡಿ ಒಳ್ಳೆಯದೊಂದನ್ನು ದೊರೆಗೆ ಆರಿಸಿಕೋ ಎಂದು ಚೆನ್ನಿಗಪ್ಪ ಹೇಳಿಕೊಟ್ಟ. ಅವನು ಸಂತೋಷದಿಂದ ಒಪ್ಪಿದ.

ಬೆಳಿಗ್ಗೆ ದೊರೆ ಉಪ್ಪರಿಗೆಯಲ್ಲಿ ನಿಂತು ನೋಡುತ್ತಿದ್ದ. ಬೆಟ್ಟದರಸು ಅರಮನೆಯಿಂದ ಹೊರಟು, ತಲೆ ತಗ್ಗಿಸಿ ತುಳಿಯುತ್ತಾ ಏರಿಗೆ ನುಗ್ಗಿದ. ಎದುರಿಗೆ ಪುಟ್ಟತಾಯಮ್ಮ, ತಲೆಯ ಮೇಲೆ ಮಡಕೆ, ಮಡಕೆಗೆ ಕೆಂಪು ಬಟ್ಟೆ. ಪಕ್ಕದಲ್ಲಿ ಚೆನ್ನಿಗಪ್ಪ ಜೋಡು ಕಳಚಿ ಕೈಮುಗಿದು ನಿಂತಿದ್ದ.

"ದೊರೆಯ ಊಟಕ್ಕೆ ಮೊಸರು" ಎಂದ.

ಬ್ರೇಕಿಲ್ಲದ ಬೆಟ್ಟದರಸು ಎರಡೂ ಬೂಟುಗಳನ್ನು ನೆಲಕ್ಕೆ ಊರಿ ಉಜ್ಜಿಕೊಂಡೇ ಬಂದ. ಧೂಳೆದ್ದಿತು. ಮಡಕೆಗೆ ಗೇಣಿರುವಾಗ ಚಕ್ರ ನಿಂತಿತು. ದೊರೆ ನೋಡುತ್ತಿದ್ದಾನೆ, ಪದ್ಧತಿ ತನ್ನದೇ, ಮಾಡುವುದೇನು? ಇಳಿದ. ಬೂಟು ಬಿಚ್ಚಿದ. ಕೈಮುಗಿದ. ಪುಟ್ಟತಾಯಮ್ಮ ಆ ದಿನ ನಡೆದಷ್ಟು ನಿಧಾನವಾಗಿ ಜನ್ಮದಲ್ಲಿ ನಡೆದಿರಲಿಲ್ಲ.

ಅವನು ಬೂಟಿನ ಲಾಡಿ ಕಟ್ಟಿಕೊಂಡು, ಸೈಕಲ್ಲು ಹತ್ತಿ, ನಾಲ್ಕು ತುಳಿತ ತುಳಿಯುವಷ್ಟರಲ್ಲಿ ಮತ್ತೊಂದು ಕೆಂಪು ಬಟ್ಟೆ. ಆಮೇಲೆ ಇನ್ನೊಂದು. ಹತ್ತನೆಯ ಮಡಕೆಗೆ ಲಾಡಿ ಕಟ್ಟುವುದನ್ನು ಬಿಟ್ಟ. ಇಪ್ಪತ್ತನೆಯದಕ್ಕೆ ಬೂಟುಗಳು ಕೊರಳಿಗೇರಿದವು. ಮೂವತ್ತೆರಡನೆಯದು ದಾಟುವಾಗ ಬರಿಗಾಲಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದ.

ಸಭೆಗೆ ಬಂದವನೇ ಕೂಗಾಡಿದ. "ದೊರೆ ತಿನ್ನುವುದು ಒಂದು ಮಡಕೆಯ ಮೊಸರು. ಉಳಿದ ಮೂವತ್ತೊಂದಕ್ಕೆ ನನ್ನನ್ನೇಕೆ ಇಳಿಸಿದೆ?"

"ಆ ಒಂದು ಯಾವುದೆಂದು ಹೇಳಿಬಿಡಿ. ನಾಳೆಯಿಂದ ಅದಕ್ಕೊಂದಕ್ಕೇ ಇಳಿದರಾಯಿತು."

"ನನಗೆ ಹೇಗೆ ಗೊತ್ತಾಗಬೇಕು? ರುಚಿ ನೋಡುವ ತನಕ ಅಡಿಗೆಯವನಿಗೇ ಗೊತ್ತಿರುವುದಿಲ್ಲ."

"ನಮಗೂ ಅಷ್ಟೇ ಸ್ವಾಮಿ" ಎಂದ ಚೆನ್ನಿಗಪ್ಪ.

ಬೆಟ್ಟದರಸು ಸುಸ್ತಾಗಿ ಕುಳಿತ. ಗಂಟೆ, ಬ್ರೇಕು ಇವತ್ತೇ ಹಾಕಿಸುತ್ತೇನೆ, ಆದರೆ ದಿನಾ ಮೂವತ್ತೆರಡು ಸಲ ಇಳಿದು ಹತ್ತುವುದು ಮನುಷ್ಯರಿಂದ ಆಗುವ ಕೆಲಸವಲ್ಲ, ಏನಾದರೂ ದಾರಿ ತೋರಿಸು ಎಂದು ಬೇಡಿಕೊಂಡ. ದೊರೆಯೂ ಚೆನ್ನಿಗಪ್ಪನ ಮುಖ ನೋಡಿದ.

"ಪದ್ಧತಿಯಲ್ಲಿ ಒಬ್ಬನಿಗೆ ಮಾತ್ರ ವಿನಾಯಿತಿ ಇದೆ ಪ್ರಭು, ಗಂಟೆಯವನಿಗೆ. ಬೆಟ್ಟದರಸರು ಗಂಟೆ ಬಾರಿಸುತ್ತಾ ಬಂದರೆ ಇಳಿಯಬೇಕಿಲ್ಲ. ಆದರೆ ಒಂದು ಮಾತು. ಮಡಕೆ ಹೊತ್ತವಳಿಗಿಂತ ಜೋರಾಗಿ ಓಡಿದ ಗಂಟೆಯವನನ್ನು ಈ ಸಂಸ್ಥಾನ ಇದುವರೆಗೆ ಕಂಡಿಲ್ಲ."

ದೊರೆ ಸಿಂಹಾಸನದ ತೋಳು ತಟ್ಟಿಕೊಂಡು ನಕ್ಕ. ಪರದೆಯ ಹಿಂದೆ ರಾಣಿಯೂ ಕಿಸಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಮುದ್ರೆ ಒತ್ತದ ಕಾಗದವನ್ನು ದೊರೆ ಹರಿದುಹಾಕಿ, ಏನು ಬೇಕೋ ಕೇಳೆಂದ.

ಚೆನ್ನಿಗಪ್ಪ ಪಂಚೆ ಮೇಲೆತ್ತಿ ಕಾಲು ತೋರಿಸಿದ. ಮೊಣಕಾಲಿನ ಕೆಳಗೆಲ್ಲ ಮುಳ್ಳು.

"ಮುಳ್ಳು ಕೀಳುವ ಒಂದು ಚಿಮಟ ಕೊಡಿಸಿ ಪ್ರಭು. ದಿನಾ ಹೊಸದು ಚುಚ್ಚುತ್ತಿದ್ದಾಗ ಹಳೆಯದನ್ನು ಕಿತ್ತು ಏನು ಪ್ರಯೋಜನ ಎಂದು ಸುಮ್ಮನಿದ್ದೆ."